ನಮ್ಮ ಓಣಿಯ ಅಗಲ

ಹೋದ ಸೋಮವಾರ ಸಂಜೆ ನಮ್ಮ ಓಣಿಯ ಮೂವರು ಹೆಂಗಸರು ಒಂದು ಖಾಲಿ ಹಾಳೆ ಹಿಡಿದುಕೊಂಡು ಮನೆಗೆ ಬಂದರು. ಓಣಿಗೆ ತೀರಿಕೊಂಡ ಕಾಕಾ ಅವರ ಹೆಸರು ಇಡಬೇಕೆಂದು ಪಾಲಿಕೆಗೆ ಅರ್ಜಿ ಕೊಡುವುದಂತೆ. ಅದನ್ನು ಮರಾಠಿಯಲ್ಲಿ ನಾನೇ ಬರೆಯಬೇಕಂತೆ, ಮೊದಲ ಸಹಿಯನ್ನೂ ನಾನೇ ಹಾಕಬೇಕಂತೆ.

"ಕಾಕಾ ಮೊದಲ ಎಲ್ಲಾ ಅರ್ಜ ನಿಮ್ಮ ಕೈಲೇನ ಬರಸ್ತಿದ್ರಲ್ರಿ ಟೀಚರ. ಇದನ್ನ ಬ್ಯಾರೆಯವರು ಬರದ್ರ ಛಂದ ಕಾಣೂದಿಲ್ಲ," ಎಂದರು.

ಚಹಾ ಮಾಡಿಕೊಟ್ಟೆ. ಬರೆದಿಡುತ್ತೇನೆ ಎಂದೆ. ಅವರು ಹೋದರು. ಹಾಳೆ ನಾಲ್ಕು ದಿನ ಊಟದ ಮೇಜಿನ ಮೇಲೆ ಬಿದ್ದೇ ಇತ್ತು. ಮೂವತ್ತೊಂದು ವರ್ಷ ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ "ಇವತ್ತಿನ ಅಭ್ಯಾಸ ಇವತ್ತೇ ಮುಗಿಸಬೇಕು" ಎಂದು ಕಿರುಚಿದವಳು ನಾನು. ನಿವೃತ್ತಿಯಾದ ಮೇಲೆ ನನ್ನದೇ ಅಭ್ಯಾಸ ಹೀಗೆ ಬಾಕಿ ಉಳಿಯಿತು.

ಕಾರಣ ಇಷ್ಟೇ. ಈ ಮನುಷ್ಯನಿಂದಾಗಿ ನಮ್ಮ ಓಣಿಗೆ ಗಟಾರದ ಪೈಪು ಬಂತು. ಇದೇ ಮನುಷ್ಯನಿಂದಾಗಿ ನಮ್ಮವ್ವ ತಾನು ಹಗಲೆಲ್ಲ ಕೂರುತ್ತಿದ್ದ ಕಟ್ಟೆ ಕಳೆದುಕೊಂಡಳು, ಕಳೆದುಕೊಂಡ ಸಂಕಟದಲ್ಲೇ ತೀರಿಹೋದಳು. ಎರಡೂ ಒಂದೇ ಅರ್ಜಿಯಿಂದ ಆದದ್ದು. ಆ ಅರ್ಜಿಯಲ್ಲಿ ಓಣಿಯ ಅಗಲ ತಪ್ಪಿತ್ತು. ಕಾಕಾ ಅದನ್ನು ತಿಳಿದು ತಪ್ಪಿಸಿದರೋ ತಿಳಿಯದೆ ತಪ್ಪಿದರೋ ನನಗೆ ಗೊತ್ತಿರಲಿಲ್ಲ. ಅದು ಗೊತ್ತಾಗದೆ ಅವರ ಹೆಸರಿಗೆ ಸಹಿ ಹಾಕುವುದು ಹೇಗೆ?

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕೂ. ಸೋಲಾಪುರದ ಪೇಟೆಯಲ್ಲಿ ಅವರ ಮನೆತನದ ಅರಿವೆ ಅಂಗಡಿ ಇತ್ತು, ಈಗಲೂ ಇದೆ. ಅರವತ್ತು ದಾಟಿದ ಕೂಡಲೇ ಗಾದಿಯನ್ನು ತಮ್ಮಂದಿರಿಗೆ ಬಿಟ್ಟು ವಿಜಾಪುರ ರಸ್ತೆಯ ಒಳಗಿನ ನಮ್ಮ ಓಣಿಗೆ ಮನೆ ಕಟ್ಟಿಸಿಕೊಂಡು ಬಂದರು. ಬಿಳಿ ಅಂಗಿ, ಬಿಳಿ ಪಾಯಜಾಮ, ತಲೆಗೆ ಟೋಪಿ, ಹಳೆಯ ಸೈಕಲ್ಲು, ಹ್ಯಾಂಡಲಿಗೆ ಒಂದು ಖಾದಿ ಚೀಲ. ಯಾವುದನ್ನು ಕೈಗೆ ಕೊಟ್ಟರೂ ಮೊದಲು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುವುದು ಅವರ ಚಟ. ಕೊತ್ತಂಬರಿ ಸೊಪ್ಪು, ಸಿಮೆಂಟು, ಮದುವೆಯ ಕರೆಯೋಲೆ, ಕೊನೆಗೆ ಗುಡಿಯ ಪ್ರಸಾದವನ್ನೂ ತಿಕ್ಕಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅಂಗಡಿ ಬಿಟ್ಟರೂ ಅಂಗಡಿಯ ಬುದ್ಧಿ ಬಿಡಲಿಲ್ಲ. ನಮ್ಮಂಥವರು ಪಾಲಿಕೆಗೆ ತಕರಾರು ಬರೆದರೆ ಕಾಗದ ಕೊಟ್ಟು ಬರುತ್ತೇವೆ. ಕಾಕಾ ಕಾಗದದ ಜತೆ ಮಾಲು ಒಯ್ಯುತ್ತಿದ್ದರು. "ನಮುನಾ ತೋರಸಲಾರ್ದ ಮಾತಾಡಿದ್ರ ಯಾರ ಕೇಳ್ತಾರ್ರಿ ಟೀಚರ? ಗಿರಾಕಿ ಕೈಯಾಗ ಅರಿವಿ ಕೊಟ್ಟ ಮ್ಯಾಲೇನ ರೇಟ್ ಹೇಳಬೇಕು." ಇಲ್ಲಿ ಗಿರಾಕಿ ಎಂದರೆ ಪಾಲಿಕೆಯ ಸಾಹೇಬ. ರಸ್ತೆ ಕಿತ್ತು ಹೋದರೆ ಕಿತ್ತ ಡಾಂಬರಿನ ತುಂಡು ಚೀಲದಲ್ಲಿ. ಸೊಳ್ಳೆ ಹೆಚ್ಚಾದರೆ ಉಪ್ಪಿನಕಾಯಿ ಬಾಟಲಿಯಲ್ಲಿ ಜೀವಂತ ಸೊಳ್ಳೆ, ಮುಚ್ಚಳಕ್ಕೆ ಗಾಳಿಯಾಡಲು ತೂತು. ಬೀದಿದೀಪ ಕೆಟ್ಟರೆ ದೀಪವನ್ನೇ ಬಿಚ್ಚಿ ತರಲು ಕಂಬದವನ ಕಾಲು ಹಿಡಿಯುತ್ತಿದ್ದರು.

ಒಂದು ಸಲ ನಾನೂ ಜತೆಗೆ ಹೋಗಿದ್ದೆ. ಪಾಲಿಕೆಯ ಝೋನ್ ಕಚೇರಿಯ ಮೇಜಿನ ಮೇಲೆ ಎರಡು ಗಾಜಿನ ಬಾಟಲಿ ಸಾಲಾಗಿ ಇಟ್ಟರು. ಎರಡರಲ್ಲೂ ನಸುಹಳದಿ ನೀರು. "ಹೇ ಕಾಯ, ಕಾಕಾ?" ಎಂದರು ಸಾಹೇಬರು, ಇದೇನು ತಂದಿರಿ ಅನ್ನುವ ಹಾಗೆ. ಕಾಕಾ ಮರಾಠಿಯಲ್ಲೇ ವಿನಯದಿಂದ ಹೇಳಿದರು: ಒಂದರಲ್ಲಿ ನಮ್ಮ ನಳದ ನೀರಿದೆ, ಇನ್ನೊಂದರಲ್ಲಿ ನಮ್ಮ ಗಟಾರದ ನೀರಿದೆ, ಯಾವುದು ಯಾವುದೆಂದು ನೀವೇ ಹೇಳಿಕೊಡಿ. ಸಾಹೇಬರು ಎರಡನ್ನೂ ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು, ಹೇಳಲಾಗದೆ ಕೆಳಗಿಟ್ಟರು. ಆಮೇಲೆ ಕಾಕಾ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು, "ಹೋಗೂಣ್ರಿ ಟೀಚರ, ಮಾಲು ನೋಡ್ಯಾರ," ಎಂದರು.

ಅರ್ಜಿ ಬರೆಯುವ ಕೆಲಸ ನನ್ನದು. ಅವರಿಗೆ ಮರಾಠಿ ನಾಲಿಗೆಯ ಮೇಲೆ ಸರಾಗ, ಆದರೆ ಪೆನ್ನು ಹಿಡಿದರೆ ಅಕ್ಷರಗಳು ಕುಂಟುತ್ತಿದ್ದವು. ಕನ್ನಡದಲ್ಲಿ ಅವರು ಹೇಳುವುದು, ಮರಾಠಿಯಲ್ಲಿ ನಾನು ಬರೆಯುವುದು. ನಮ್ಮ ಜಗಲಿಯ ಮೇಲೆ ಇದು ವಾರಕ್ಕೊಮ್ಮೆಯಾದರೂ ನಡೆಯುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಅವ್ವ.

ಅವ್ವನ ಬಗ್ಗೆ ಹೇಳದೆ ಈ ಮನುಷ್ಯನ ಬಗ್ಗೆ ಹೇಳಲು ಬರುವುದಿಲ್ಲ. ಅವಳು ತಡವಳ ಎಂಬ ಹಳ್ಳಿಯವಳು, ಕುರಿಯವರ ಮಗಳು, ಅವರ ಕುಲದೇವರು ಬೀರೋಬಾನ ಒಕ್ಕಲು. ಕುರಿ ಮಾರಿ ನನ್ನನ್ನು ಟ್ರೇನಿಂಗಿಗೆ ಕಳಿಸಿದವಳು. ನಾನು ಮದುವೆಯಾಗಲಿಲ್ಲ. ಸೋಲಾಪುರದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದಾಗ ಅವಳು ಹಾಕಿದ ಷರತ್ತು ಒಂದೇ, ಬಾಗಿಲ ಮುಂದೆ ಕೂರಲು ಕಟ್ಟೆ ಬೇಕು. ಹೊಲವನ್ನು ಗುಂಟೆ ಗುಂಟೆಯಾಗಿ ಮಾರಿ ಎದ್ದ ಬಡಾವಣೆ ನಮ್ಮದು. ನಕಾಶೆ ಎಂಬುದು ನಮ್ಮ ಹತ್ತಿರವೂ ಇರಲಿಲ್ಲ, ಪಾಲಿಕೆಯ ಹತ್ತಿರವೂ ಇರಲಿಲ್ಲ. ಗವಂಡಿ ಎಲ್ಲಿ ದಾರ ಹಿಡಿದನೋ ಅಲ್ಲಿ ಕಟ್ಟೆ ಎದ್ದಿತು. ಬೆಳಿಗ್ಗೆ ನಾನು ಅಕ್ಕಲಕೋಟೆಯ ಬಸ್ಸಿಗೆ ಹೊರಟಾಗ ಅವ್ವ ಆ ಕಟ್ಟೆಯ ಮೇಲೆ ಉಣ್ಣೆಯ ತಕಲಿ ತಿರುಗಿಸುತ್ತ ಕೂತಿರುತ್ತಿದ್ದಳು, ಸಂಜೆ ಬಂದಾಗ ಅಲ್ಲೇ ಇರುತ್ತಿದ್ದಳು. "ಒಳಗ ಕುಂತ್ರ ಸೋಲಾಪುರ, ಇಲ್ಲಿ ಕುಂತ್ರ ನಮ್ಮೂರು," ಎನ್ನುತ್ತಿದ್ದಳು. ಹೋಗುವವರು ಬರುವವರು ಅವಳನ್ನು ಮಾತಾಡಿಸದೆ ದಾಟುವಂತಿರಲಿಲ್ಲ.

ಗುರುವಾರ ಕಾಕಾ ನನ್ನದೇ ಬಸ್ಸಿಗೆ ಅಕ್ಕಲಕೋಟೆಗೆ ಬರುತ್ತಿದ್ದರು, ಸ್ವಾಮಿಗಳ ದರ್ಶನಕ್ಕೆ. ದರ್ಶನ ಮುಗಿದರೆ ಊರಿನ ಗಟಾರ ನೋಡುತ್ತ ತಿರುಗುವುದು. ಒಮ್ಮೆ ನಮ್ಮ ಶಾಲೆಯ ಹತ್ತಿರ ಚರಂಡಿಯ ಮೇಲಿನ ಮುಚ್ಚಳವನ್ನು ದಾರ ಹಿಡಿದು ಅಳೆಯುತ್ತ ಕೂತಿದ್ದರು. ಮಕ್ಕಳೆಲ್ಲ ಗೇಟಿಗೆ ಬಂದು ನಿಂತಿದ್ದರು. ನನಗೆ ನಾಚಿಕೆಯಾಯಿತು. "ಇಂಥಾ ಮುಚ್ಚಳ ನಮ್ಮ ಓಣಿಗಿ ಬಂದ್ರ ಹಂದಿ ಬೀಳೂದಿಲ್ಲ ನೋಡ್ರಿ," ಎಂದು ದಾರಕ್ಕೆ ಗಂಟು ಹಾಕಿಕೊಂಡರು.

ಅವತ್ತೇ ವಾಪಸು ಬರುವಾಗ ಬಸ್ಸಿನಲ್ಲಿ ವಾಗದರಿಯ ಕಡೆಯ ಒಬ್ಬ ಹೆಣ್ಣುಮಗಳು ಮಗಳ ಮದುವೆಗೆಂದು ತಂದ ಸೀರೆಯನ್ನು ಎಲ್ಲರಿಗೂ ತೋರಿಸುತ್ತಿದ್ದಳು. ಕಾಕಾ ಎರಡು ಸೀಟು ಹಿಂದಿದ್ದರು. ಮಡಿಕೆ ಪೂರ್ತಿ ಬಿಚ್ಚಿರಲೂ ಇಲ್ಲ. "ತಾಯಿ, ಇದು ಒಂದು ಗೇಣು ಕಮ್ಮಿ ಅದ. ಹೊಳ್ಳಿ ಕೊಡ್ರಿ," ಎಂದರು. ಅವಳಿಗೆ ಸಿಟ್ಟು ಬಂತು. ಪಕ್ಕದ ಮುದುಕಿ ಮೊಳ ಹಾಕಿ ಅಳೆದಳು. ಒಂದು ಗೇಣು ಕಮ್ಮಿಯೇ ಇತ್ತು. ಮುಂದಿನ ಸ್ಟಾಪಿನಲ್ಲಿ ತಾಯಿ ಮಗಳು ಇಳಿದು ಎದುರಿನ ಬಸ್ಸು ಹತ್ತಿ ಅಂಗಡಿಗೆ ಮರಳಿದರು. ಈ ಸಂಗತಿ ನನ್ನನ್ನು ಎಷ್ಟು ಕಾಡಲಿದೆ ಎಂದು ಅವತ್ತು ನನಗೇನು ಗೊತ್ತು.

ನಮ್ಮ ಓಣಿಯಲ್ಲಿ ಆಗ ತೆರೆದ ಗಟಾರ. ಮಳೆಗಾಲದಲ್ಲಿ ಅದು ಉಕ್ಕಿ ನಳದ ಗುಂಡಿಗೆ ನುಗ್ಗುತ್ತಿತ್ತು. ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ, ಬಂದದ್ದರಲ್ಲೂ ಮೊದಲ ಹತ್ತು ಕೊಡ ಗಟಾರದ್ದು. ಅಂಥ ಒಂದು ಮಳೆಗಾಲದಲ್ಲಿ ನನಗೆ ಕಾಮಾಲೆಯಾಯಿತು. ಸಾಮಾನ್ಯವಾದದ್ದಲ್ಲ. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದೆ, ನಡುವೆ ಎರಡು ದಿನ ಏನಾಯಿತೆಂಬುದೇ ನನಗೆ ನೆನಪಿಲ್ಲ. ಡಾಕ್ಟರು ಅವ್ವನನ್ನು ಹೊರಗೆ ಕರೆದು ಏನೋ ಹೇಳಿದರಂತೆ. ಅವಳು ನನಗೆ ಹೇಳಲಿಲ್ಲ. ದಿಂಬಿನ ಕೆಳಗೆ ಬೀರೋಬಾನ ಭಂಡಾರದ, ಅಂದರೆ ಗುಡಿಯ ಅರಿಶಿನದ, ಪುಡಿಕೆ ಇಟ್ಟು ಕಾಲ ಬಳಿ ಕೂತಿರುತ್ತಿದ್ದಳು.

ಕಾಕಾ ನೋಡಲು ಬಂದರು. ಬಂದವರು ಹೇಗಿದ್ದೀರಿ ಎನ್ನಲಿಲ್ಲ. ಹಾಸಿಗೆಯ ಅಂಚನ್ನು ತಿಕ್ಕಿ ನೋಡಿ, "ಪೋತ ಛಲೋ ಅದ," ಎಂದರು. ಬಟ್ಟೆಯ ಗುಣಕ್ಕೆ ಅವರ ಮಾತು ಅದು. ಆಮೇಲೆ ಸಂಕೋಚದಿಂದ, "ಟೀಚರ, ನಿಮ್ಮ ರಕ್ತದ ರಿಪೋರ್ಟಿಂದು ಒಂದು ಝೆರಾಕ್ಸ ಕೊಡ್ತೀರೇನ್ರಿ? ಸಾಹೇಬಗ ತೋರಸ್ತೀನಿ," ಎಂದರು. ಸಾಯಲು ಬಿದ್ದವಳು ಇವರಿಗೆ ನಮುನೆಯಾದೆನಲ್ಲ ಎಂದು ಮೈ ಉರಿಯಿತು. ಮುಖ ತಿರುಗಿಸಿ ಮಲಗಿದೆ. ಝೆರಾಕ್ಸು ಕೊಟ್ಟವಳು ಅವ್ವ.

ನಾನು ಗುಣವಾಗಿ ಮನೆಗೆ ಬಂದ ಮೇಲೆ ಒಂದು ಭಾನುವಾರ ಕಾಕಾ ಓಣಿ ಅಳೆದರು. ತಮ್ಮ ಮನೆಯ ಬಾಗಿಲ ಹಿಂದೆ ನಿಲ್ಲಿಸಿದ್ದ ಅವರಪ್ಪನ ಕಾಲದ ಕಬ್ಬಿಣದ ಗಜವನ್ನು, ಅರಿವೆ ಅಳೆಯುವ ಕೋಲನ್ನು, ತಂದರು; ಮೀಟರಿನದಾದರೂ ಅಂಥ ಕೋಲಿಗೆ ನಮ್ಮಲ್ಲಿ ಗಜವೆಂದೇ ಹೆಸರು. ನಮ್ಮ ಕಟ್ಟೆಯ ಬುಡದಿಂದ ಎದುರು ಮನೆಯ ಕಟ್ಟೆಯ ಬುಡದವರೆಗೆ ನೆಲದ ಮೇಲೆ ತಿರುವಿ ತಿರುವಿ ಹಾಕಿದರು. ಅವ್ವ ತಕಲಿ ನಿಲ್ಲಿಸಿ ಕಟ್ಟೆಯ ಮೇಲಿಂದ ಜೋರಾಗಿ ಎಣಿಸಿದಳು. ಸರಿಯಾಗಿ ಆರು ಸಲ ಬಿತ್ತು.

ಮರುದಿನ ಸಂಜೆ ಅರ್ಜಿ ಬರೆಸಲು ಬಂದರು. ಮುಚ್ಚಿದ ಗಟಾರಕ್ಕೆ ದೊಡ್ಡ ಪೈಪು ಹಾಕಿಸಿಕೊಡಬೇಕೆಂದು ವಿನಂತಿ. "ಅಗಲ ಎಷ್ಟು ಬರೀಲ್ರಿ ಕಾಕಾ?" ಎಂದೆ. "ಆರು," ಎಂದರು. ನಾನು ಮರಾಠಿಯಲ್ಲಿ "ರುಂದಿ ಸಹಾ ಮೀಟರ", ಅಗಲ ಆರು ಮೀಟರು, ಎಂದು ಬರೆದೆ. ಅವರು ಮೀಟರು ಎಂದರೇ ಇಲ್ಲವೇ? ಈ ಒಂದು ಪ್ರಶ್ನೆಯನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಎಂದಂತೆಯೂ ನೆನಪು, ಎನ್ನದಂತೆಯೂ ನೆನಪು. ಬರೆದ ಕೈ ಮಾತ್ರ ನನ್ನದು, ಅದರಲ್ಲಿ ಗೊಂದಲವಿಲ್ಲ.

ನಮ್ಮ ಓಣಿಯ ರೂಢಿಯಂತೆ ಎಲ್ಲರಿಗಿಂತ ಹಿರಿಯರ ಸಹಿ ಮೊದಲು. ಅವ್ವ ಸಹಿ ಕಲಿತದ್ದು ಅರವತ್ತರ ಮೇಲೆ, ನನ್ನ ಹತ್ತಿರ. ಒಂದೊಂದೇ ಅಕ್ಷರ ಕೂರಿಸಿ ಸಹಿ ಮಾಡಿದಳು. ಕಾಗದದ ಮೂಲೆಗೆ ಒಂದು ಚಿಟಿಕೆ ಭಂಡಾರ ಹಚ್ಚಿದಳು. ಪಾಲಿಕೆಯವರು ಏನೆಂದುಕೊಂಡಾರು ಎಂದು ನಾನು ರೇಗಿದೆ. ಕಾಕಾ ಕಾಗದವನ್ನು ಮಡಚಿ ಎದೆಯ ಕಿಸೆಗೆ ಇಟ್ಟುಕೊಂಡರು. ಯಾವತ್ತೂ ಚೀಲಕ್ಕೆ ಹಾಕುವವರು ಅವತ್ತು ಕಿಸೆಗೆ ಇಟ್ಟರು.

ಪೈಪು ಮಂಜೂರಾಯಿತು. ಓಣಿಯವರೆಲ್ಲ ಪೇಢೆ ಹಂಚಿದೆವು. ಮೂರು ತಿಂಗಳ ಮೇಲೆ ಒಬ್ಬ ಹೊಸ ಇಂಜಿನಿಯರು ಟೇಪು ಹಿಡಿದು ಬಂದ. ಕಟ್ಟೆಯಿಂದ ಕಟ್ಟೆಗೆ ಐದೂವರೆ ಮೀಟರು ಬಂತು. ಮತ್ತೆ ಹಿಡಿದ, ಅಷ್ಟೇ ಬಂತು. ಫೈಲು ತೆಗೆದು ನೋಡಿದ. ಆರು ಮೀಟರಿಗಿಂತ ಸಣ್ಣ ಓಣಿಗೆ ಇಷ್ಟು ದೊಡ್ಡ ಪೈಪು ಕೊಡಲು ಬರುವುದಿಲ್ಲ, ನಿಮ್ಮದು ಆರು ಎಂದು ನೀವೇ ಎಲ್ಲರೂ ಸಹಿ ಹಾಕಿ ಕೊಟ್ಟಿದ್ದೀರಿ, ಹಾಗಾದರೆ ಅರ್ಧ ಮೀಟರು ಎಲ್ಲಿ ಹೋಯಿತು, ಎಂದ. ನಕಾಶೆ ಇಲ್ಲದ ಓಣಿಗೆ ನಮ್ಮ ಅರ್ಜಿಯೇ ನಕಾಶೆಯಾಗಿ ಕೂತಿತ್ತು. ಅರ್ಜಿ ಕೊಟ್ಟ ಮೇಲೆ ನಾವು ಕಟ್ಟೆ ಬೆಳೆಸಿಕೊಂಡಿದ್ದೇವೆ ಎಂದು ಅವನು ತಿಳಿದ. ತಿಳಿದದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಎರಡೂ ಬದಿ ಹತ್ತು ಹತ್ತು ಇಂಚು ಒಡೆಯಬೇಕು, ಇಲ್ಲವಾದರೆ ಪೈಪು ಹಿಂದಕ್ಕೆ ಹೋಗುತ್ತದೆ. ನಾನು ವಾದಕ್ಕೆ ನಿಂತಾಗ ಅವನು ಅರ್ಜಿಯನ್ನೇ ನನ್ನ ಮುಂದೆ ಹಿಡಿದ. ನನ್ನದೇ ದುಂಡಗಿನ ಅಕ್ಷರ.

ಅಲ್ಲಿಂದ ನೆಟ್ಟಗೆ ಕಾಕಾ ಅವರ ಮನೆಗೆ ಹೋದೆ. ಬಾಗಿಲ ಹಿಂದಿನ ಗಜ ತೆಗೆದು ನನ್ನ ಪರ್ಸಿನ ಟೇಪು ಹಿಡಿದೆ. ಮೂವತ್ತಾರು ಇಂಚು. ಅದು ಮೀಟರಲ್ಲ, ಹಳೆಯ ಮೂರಡಿಯ ವಾರು. ಮೀಟರಿಗೆ ಮೂರು ಇಂಚಿಗಿಂತ ಹೆಚ್ಚು ಕಡಿಮೆ, ಆರಕ್ಕೆ ಇಪ್ಪತ್ತು ಇಂಚು ಕಡಿಮೆ.

"ಕಾಕಾ, ಇದು ವಾರು ಅದರಿ!"

ಅವರು ಗಜದ ತುದಿಯನ್ನು ಬೆರಳಲ್ಲಿ ತಿಕ್ಕಿದರು. "ಹಳೇದು ನೋಡ್ರಿ ಟೀಚರ. ನಮ್ಮಪ್ಪಂದು," ಎಂದರು. ಅಷ್ಟೇ. ತಪ್ಪಾಯಿತು ಎಂದರೇ? ನನಗೆ ಗೊತ್ತಿತ್ತು ಎಂದರೇ? ಎರಡು ಸೀಟು ಹಿಂದೆ ಕೂತು ಸೀರೆಯಲ್ಲಿ ಗೇಣು ಕಮ್ಮಿ ಕಂಡುಹಿಡಿಯುವ ಮನುಷ್ಯನಿಗೆ ತಮ್ಮ ಮನೆಯ ಗಜ ಯಾವುದೆಂದು ಗೊತ್ತಿಲ್ಲವೇ? ಅಥವಾ ಹುಟ್ಟಿದಾಗಿನಿಂದ ನೋಡಿದ್ದಕ್ಕೇ ಕಣ್ಣು ಕುರುಡಾಗಿತ್ತೇ? ನನಗೆ ಎರಡೂ ನಿಜವೆನಿಸಿತು, ಎರಡೂ ಸುಳ್ಳೆನಿಸಿತು.

ಒಡೆಯುವ ದಿನ ಕಾಕಾ ಕೂಲಿಯವರ ದಾರಿ ನೋಡಲಿಲ್ಲ. ಬೆಳಗಾಗುತ್ತಲೇ ಸುತ್ತಿಗೆ ಹಿಡಿದು ತಮ್ಮ ಮನೆಯ ಕಟ್ಟೆಯನ್ನು ತಾವೇ ಒಡೆದರು. ಹತ್ತು ಇಂಚಲ್ಲ, ಪೂರ್ತಿ ಒಡೆದರು. ಪಶ್ಚಾತ್ತಾಪವೋ, ಉಳಿದವರ ಬಾಯಿ ಮುಚ್ಚಿಸುವ ಉಪಾಯವೋ, ಅದೂ ತಿಳಿಯಲಿಲ್ಲ. ನಮ್ಮ ಕಟ್ಟೆಯ ಸರದಿ ಬಂದಾಗ ಅವ್ವ ತಕಲಿ, ಉಣ್ಣೆ ಎತ್ತಿಕೊಂಡು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅವಳು ಅಳಲಿಲ್ಲ, ಅತ್ತವಳು ನಾನು. ಉಳಿದ ಕಟ್ಟೆಯ ಮೇಲೆ ಒಂದು ಬೆಕ್ಕು ಮಾತ್ರ ಕೂರಬಹುದಿತ್ತು.

ಮರುದಿನದಿಂದ ಅವ್ವನ ಬೈಗುಳ ಶುರುವಾಯಿತು. ಹೊಸ್ತಿಲಲ್ಲಿ ಕೂತು ಕಾಕಾ ಅವರ ಸೈಕಲ್ಲಿನ ದಾರಿ ಕಾಯುವುದು, ಕಂಡ ಕೂಡಲೇ ಸುರಿಯುವುದು. "ಗಜದ ಮುದುಕಾ, ನನ್ನ ಕಟ್ಟಿ ನುಂಗಿದಿ! ಬೀರೋಬಾ ನೋಡಕೋತಾನ ನಿನಗ!" ಕಾಕಾ ಸೈಕಲ್ಲಿನಿಂದ ಇಳಿದು, ಟೋಪಿ ತೆಗೆದು, ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಬೈಗುಳ ನಿಂತಾಗ, "ಆತೇನ್ರಿ ಅಕ್ಕ?" ಎಂದು ಕೇಳಿ, ಟೋಪಿ ಹಾಕಿಕೊಂಡು ಮುಂದೆ ಹೋಗುತ್ತಿದ್ದರು. ನಾಲ್ಕು ವರ್ಷ ಇದು ನಡೆಯಿತು. ಹಿಂದಿನ ಓಣಿಯಿಂದ ಹೋದರೆ ಅವರಿಗೆ ದಾರಿ ಹತ್ತಿರವಾಗುತ್ತಿತ್ತು. ಹಾಗೆ ಹೋದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ನಾನು ಬೈಯಲಿಲ್ಲ. ನನ್ನ ಸಿಟ್ಟು ಟೀಚರಮ್ಮನ ಸಿಟ್ಟು, ತಣ್ಣಗಿನದು. ಬೀದಿದೀಪದ ಅರ್ಜಿ ಬರೆಸಲು ಬಂದಾಗ ಪುರಸೊತ್ತಿಲ್ಲ ಎಂದೆ. "ಪುರಸತ್ತಾದಾಗ ಬರೀರಿ," ಎಂದು ಕಾಗದ ಇಟ್ಟು ಹೋದರು. ಎಂಟು ದಿನ ಮುಟ್ಟಲಿಲ್ಲ. ಒಂಬತ್ತನೆಯ ದಿನ ಬಂದು, ಏನೂ ಕೇಳದೆ, ಕಾಗದ ಎತ್ತಿಕೊಂಡು ಹೋದರು. ತಮ್ಮ ಕುಂಟು ಅಕ್ಷರದಲ್ಲಿ ತಾವೇ ಬರೆದು ಕೊಟ್ಟರಂತೆ. ದೀಪ ಬಂತು. ನನ್ನ ದುಂಡಗಿನ ಅಕ್ಷರ ಇಲ್ಲದೆಯೂ ಬಂತಲ್ಲ ಎಂದು ಮತ್ತಷ್ಟು ಚುಚ್ಚಿತು. ಆಮೇಲೆ ಅವರು ಯಾವ ಅರ್ಜಿಗೂ ನನ್ನ ಬಾಗಿಲಿಗೆ ಬರಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಪೈಪು ಬಿದ್ದ ಮೇಲೆ ಓಣಿಯಲ್ಲಿ ಯಾರಿಗೂ ಕಾಮಾಲೆ ಬರಲಿಲ್ಲ.

ಅವ್ವ ಹೋದಾಗ ಕಾಕಾ ಬಂದು ಜಗಲಿಯ ಮೂಲೆಯಲ್ಲಿ ಕೂತಿದ್ದರು. ಏಳುವಾಗ, "ಮಾಪ ತಿಳದಾಕಿ ಹೋದ್ಲು," ಎಂದರು. ಅಳತೆಯ ಮಾತನ್ನು ಅವತ್ತೂ ಎತ್ತಿದರಲ್ಲ ಎಂದು ನನಗೆ ಅವರ ಮುಖ ನೋಡುವುದೂ ಬೇಡವಾಯಿತು. ಅವರು ಹೋದದ್ದು ಈ ಬೇಸಗೆಯಲ್ಲಿ. ಪಾಲಿಕೆಯಿಂದ ಬಂದು, ನೀರು ಕುಡಿದು, ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಚೀಲದಲ್ಲಿ ಒಡೆದ ಮುಚ್ಚಳದ ಒಂದು ಚೂರು ಇತ್ತಂತೆ.

ಶುಕ್ರವಾರ ಖಾಲಿ ಹಾಳೆ ಹಿಡಿದು ಕಾಕೂ ಅವರ ಮನೆಗೆ ಹೋದೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಸುತ್ತು ಬಳಸುವುದು ನನಗೆ ಬರುವುದಿಲ್ಲ.

"ಕಾಕೂ, ಖರೇ ಹೇಳ್ರಿ. ಆ ಗಜ ವಾರಿಂದು ಅಂತ ಕಾಕಾಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿರಲಾರ್ದ ಏನ್ರಿ? ಅರಿವಿ ಅಂಗಡ್ಯಾಗ ಹುಟ್ಟಿದವರು." ಕಾಕೂ ತಲೆ ಎತ್ತಲಿಲ್ಲ. "ನಿಮ್ಮವ್ವಗೂ ಗೊತ್ತಿತ್ತು."

ನಾನು ಅಲ್ಲೇ ನೆಲದ ಮೇಲೆ ಕೂತೆ.

"ಗಜ ಹಾಕಿದ್ರಲ್ರಿ, ಅವತ್ತ ಸಂಜಿಮುಂದ ನಿಮ್ಮವ್ವ ಇಲ್ಲಿ ಬಂದಿದ್ಲು. ಬಂದಾಕಿನ ಅಂದ್ಲು, 'ಕಾಕಾ, ನಿಮ್ಮ ಗಜ ವಾರಿಂದದ, ಜಂಪರ ಹೊಲಸೋ ಹೆಂಗಸಿಗಿ ಅಷ್ಟು ತಿಳೀದಿಲ್ಲೇನು? ಮೀಟರ ಹಿಡದ್ರ ಕಮ್ಮಿ ಬೀಳ್ತದ.' ಇವರು ಅಂದ್ರು, 'ಹೌದಕ್ಕ, ಕಮ್ಮಿ ಬೀಳ್ತದ. ಆರು ಮೀಟರ ಇಲ್ದಿದ್ರ ಪೈಪ ಇಲ್ಲಂತ ಸಾಹೇಬರು ಅಂದಾರ. ಅರ್ಜ ಬಿಟ್ಟಬಿಡ್ತೀನಿ. ಟೀಚರ ಕೈಲೆ ಖೋಟೆ ಬರಸೂದು ನನಗ ಆಗೂದಿಲ್ಲ.'"

"ಅವ್ವ ಏನಂದ್ಲು?"

"'ಖೋಟೆ ಯಾರ ಹೇಳಂದಾರ? ನೀವು ಆರು ಅನ್ರಿ, ಸುಮ್ನಾಗ್ರಿ. ಮೀಟರ ಆಕಿನ ಬರಕೋತಾಳ. ಸುಳ್ಳಂತ ತಿಳದ್ರ ನನ್ನ ಮಗಳು ಪೆನ್ನ ಹಿಡಿಯೂದಿಲ್ಲ. ಬರೀಲಿಲ್ಲಂದ್ರ ಪೈಪ ಬರೂದಿಲ್ಲ. ಇನ್ನೊಂದ ಸಲ ಕಾಮಣಿ ಆದ್ರ ಉಳಿಯೂದಿಲ್ಲಂತ ಡಾಕ್ಟರ ನನಗ ಹೇಳ್ಯಾರ.'" ಕಾಕೂ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "'ಆಕಿಗಿ ಹೇಳಬ್ಯಾಡ್ರಿ' ಅಂತ ಬೀರೋಬಾನ ಆಣಿ ಹಾಕಿಸಿಕೊಂಡ್ಲು, ನಮ್ಮಿಬ್ರ ಕಡೀಂದೂ. ಈಗ ಆಕಿನೂ ಹೋದ್ಲು, ಇವರೂ ಹೋದ್ರು. ನಾ ಒಬ್ಬಾಕಿ ಎಷ್ಟಂತ ಇಟ್ಕೊಳ್ಳಲಿ?"

"ಕಟ್ಟಿ ಹೋಗ್ತದಂತ ಅವ್ವಗ ಗೊತ್ತಿತ್ತೇನ್ರಿ?"

"ಇವರಿಗಂತೂ ಗೊತ್ತಿದ್ದಿಲ್ಲ. ಆಕಿಗಿ ಗೊತ್ತಿತ್ತೋ ಏನೋ, ನನಗ ತಿಳೀಲಿಲ್ಲ."

"ಮತ್ತ ನಾಕು ವರ್ಷ ಹಂಗ್ಯಾಕ ಬೈದ್ಲು?"

"ನಾನೂ ಕೇಳೀನಿ ಇವರಿಗಿ. 'ಕಟ್ಟಿ ಹೋಗಿದ್ದು ಖರೇನ ಅಲ್ಲೇನು? ಮಗಳಿಗಿ ಬೈಯಾಕ ಮನಸ್ಸಿಲ್ಲ, ತನಗ ತಾನ ಬೈಕೊಳ್ಳಾಕ ಬರೂದಿಲ್ಲ. ಬೈಲಿ ಬಿಡು,' ಅಂದ್ರು."

ಕಾಕೂ ಸಹಿಗಾಗಿ ಈ ಕತೆ ಕಟ್ಟಿದರೇ ಎಂದು ಒಂದು ಕ್ಷಣ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಹಾಳೆ ತೋರಿಸಿ ಹೆಸರಿನ ವಿಷಯ ಎತ್ತಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. "ಹೆಸರಾ? ಓಣಿಗಾ? ಯಾತಕ್ಕವಾ, ಓಣಿ ಹಂಗೇನ ಛಲೋ ಅದ," ಎಂದು ಮೊರ ಕೇರತೊಡಗಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಕಾಕಾ ಅವರಿಗಾಗಿ ಅತ್ತೆನೋ, ಅವ್ವನಿಗಾಗಿ ಅತ್ತೆನೋ, ಮೋಸ ಹೋದೆನೆಂದು ಅತ್ತೆನೋ ಬೇರ್ಪಡಿಸಿ ಹೇಳಲಾರೆ. ನನ್ನ ಪ್ರಾಮಾಣಿಕತೆಯ ಮೇಲೆ ನನಗೆಷ್ಟು ಜಂಬವಿತ್ತೋ, ಅದರ ಮೇಲೆ ಅವ್ವನಿಗೆ ಅಷ್ಟೇ ನಂಬಿಕೆಯಿತ್ತು. ಆ ನಂಬಿಕೆಯಿಂದಲೇ ನನ್ನ ಕೈಯಿಂದ ಸುಳ್ಳು ಬರೆಸಿದಳು. ಇಷ್ಟು ವರ್ಷ ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಹೊತ್ತಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸಲಿ? ಅವ್ವನ ಮೇಲೆ ಇಳಿಸೋಣವೆಂದರೆ, ಅವಳಿಂದಾಗಿಯೇ ನಾನು ಬದುಕಿ ಕೂತಿದ್ದೇನೆ.

ಸಂಜೆ ಮೇಜಿಗೆ ಕೂತು ಅರ್ಜಿ ಬರೆದೆ. ಈ ಓಣಿಗೆ ಗಟಾರ, ದೀಪ, ಶುದ್ಧ ನೀರು ತಂದುಕೊಟ್ಟವರೆಂದು ಕಾಕಾ ಅವರ ಪೂರ್ತಿ ಹೆಸರನ್ನು ದುಂಡಗೆ ಬರೆದು, ಕೆಳಗೆ ಮೊದಲ ಸಹಿ ಹಾಕಿದೆ. ಆಮೇಲೆ ಇನ್ನೊಂದು ಹಾಳೆ ತೆಗೆದು ಅವ್ವನ ಹೆಸರು ಬರೆದೆ. ಅದರ ಮುಂದೆ ಏನು ಬರೆಯಬೇಕು, ಯಾವ ಸಾಹೇಬರಿಗೆ ಕೊಡಬೇಕು, ಏನೂ ತಿಳಿಯದೆ ಪೆನ್ನು ಹಿಡಿದು ಕೂತೇ ಇದ್ದೆ.